ಹಪ್ಪಳದ ಕಾರು

ರಾಮಾಂಜಿನಪ್ಪನ ಕಾರಿನ ಬಾನೆಟ್ಟಿನ ಮೇಲೆ ಕಾಗೆ ಕೂತರೆ ಕಾಗೆಯೇ ಬೆದರಿ ಹಾರಿಹೋಗುತ್ತಿತ್ತು. ಅದರ ಭಾರಕ್ಕೆ ಬಾನೆಟ್ಟು ಲೊಟಕ್ಕೆಂದು ಒಳಕ್ಕೆ ಹೋಗುತ್ತಿತ್ತು, ಹಾರಿದ ಮೇಲೆ ಮತ್ತೆ ಲೊಟಕ್ಕೆಂದು ಮೇಲೆ ಬರುತ್ತಿತ್ತು. ಇದನ್ನು ಕಂಡ ದಿನವೇ ಅವನ ತಾಯಿ ಓಬಳಮ್ಮ ಅದಕ್ಕೆ ಹಪ್ಪಳದ ಕಾರು ಎಂದು ಹೆಸರಿಟ್ಟಳು. ಅವಳು ಇಟ್ಟ ಹೆಸರು ಒಂದು ಸಲ ಅಂಟಿದರೆ ಸೋಪು ಹಾಕಿ ತಿಕ್ಕಿದರೂ ಹೋಗುವಂಥದ್ದಲ್ಲ. ಸಂಜೆಯೊಳಗೆ ಊರ ಮಕ್ಕಳೆಲ್ಲ ಅದೇ ಹೆಸರು ಹಿಡಿದು ಕೂಗುತ್ತಿದ್ದವು.

ಓಬಳಮ್ಮನ ನಾಲಿಗೆಯೇ ಅಂಥದು. ಒಳ್ಳೆಯದು ಹೇಳೋಣವೆಂದು ಬಾಯಿ ತೆರೆದರೂ ಹೊರಗೆ ಬರುವಷ್ಟರಲ್ಲಿ ಮಾತಿಗೆ ಮುಳ್ಳು ಮೂಡಿರುತ್ತಿತ್ತು. ಗಂಡ ಆವಲಪ್ಪನಿಗೆ ಎಡಗಿವಿ ಕೇಳುತ್ತಿರಲಿಲ್ಲ. ಮದುವೆಗೆ ಮುಂಚೆ ಎರಡೂ ಚೆನ್ನಾಗಿಯೇ ಇದ್ದವು ಎಂದು ಊರವರು ಹೇಳುತ್ತಿದ್ದರು. ಆದರೆ ಅವಳ ಕೈಕೆಲಸಕ್ಕೆ ಯಾರೂ ಹೆಸರಿಡುವ ಹಾಗಿರಲಿಲ್ಲ. ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಲ್ಲಿ ರೇಷ್ಮೆ ಹುಳು ಸಾಕುವವರು ಮನೆಗೊಬ್ಬರಿದ್ದರೂ ಅವಳ ಗೂಡಿನ ಮುಂದೆ ಬೇರೆಯವರ ಗೂಡು ಸಪ್ಪೆ. ಹುಳು ಮೇಯುವ ತಟ್ಟೆಯಾಗಲಿ, ಗೂಡು ಕಟ್ಟುವ ಚಂದ್ರಿಕೆಯಾಗಲಿ, ಬಿದಿರು ಎಂಬುದು ಅವಳ ಮನೆಗೆ ಬಂದರೆ ಮೊದಲು ಅದಕ್ಕೆ ಗಂಜಲದಲ್ಲಿ ಕಲಸಿದ ಸೆಗಣಿ ತೆಳ್ಳಗೆ ಬಳಿದು ಬಿಸಿಲಲ್ಲಿ ಒಣಗಿಸಬೇಕು. ಅತ್ತೆಯ ಅತ್ತೆಯ ಕಾಲದಿಂದ ಬಂದ ಕಟ್ಟಳೆ ಅದು. ತನ್ನ ಕೈ ತಪ್ಪು ಮಾಡೀತು ಎಂಬ ಯೋಚನೆ ಅವಳ ತಲೆಯೊಳಗೆ ಎಂದೂ ಹೊಕ್ಕಿರಲಿಲ್ಲ.

ಕಾರಿನ ಹುಚ್ಚು ಮಗನಿಗೆ ಹಿಡಿದದ್ದು ಅರವತ್ತೈದನೇ ಇಸವಿಯಲ್ಲಿ. ಚಿಂತಾಮಣಿಯ ವಕೀಲರೊಬ್ಬರ ಹಿತ್ತಲಲ್ಲಿ, ಹುಣಸೆ ಮರದ ಕೆಳಗೆ, ಒಂದು ಹಳೆಯ ಕಾರು ಬಿದ್ದಿತ್ತು. ತಗಡಿನ ಮೈಯೆಲ್ಲ ತುಕ್ಕು ತಿಂದು ಉದುರಿ, ಅಡಿಯ ಕಬ್ಬಿಣದ ಚೌಕಟ್ಟು, ಎಂಜಿನ್ನು, ಚಕ್ರಗಳು ಮಾತ್ರ ಉಳಿದಿದ್ದವು. ಯಾರಾದರೂ ಪುಣ್ಯಾತ್ಮರು ಸಾಗಿಸಿದರೆ ಸಾಕು ಎಂದು ವಕೀಲರು ಕಾಯುತ್ತಿದ್ದರು. ಆ ಪುಣ್ಯಾತ್ಮ ರಾಮಾಂಜಿನಪ್ಪನೇ ಆದ. ಅವನು ಅದಕ್ಕೆ ಎತ್ತು ಕಟ್ಟಿ ಎಳೆಸಿಕೊಂಡು ಊರಿಗೆ ಬಂದಾಗ ಓಬಳಮ್ಮ ಬಾಗಿಲಲ್ಲೇ ನಿಂತಿದ್ದಳು. ಮುಂದಿರುವ ಎತ್ತಿಗೆ ಇರೋ ಬುದ್ಧಿ ಹಿಂದೆ ಕೂತವನಿಗೆ ಇದ್ದಿದ್ದರೆ ಈ ಹೆಣ ಚಿಂತಾಮಣಿಯಲ್ಲೇ ಮಣ್ಣಾಗುತ್ತಿತ್ತು ಎಂದಳು.

ಹೆಣಕ್ಕೆ ಹೊಸ ಮೈ ಕೊಡುವ ವಿದ್ಯೆಯನ್ನು ಅವನು ಬೆಂಗಳೂರಿನಲ್ಲಿ ದೋಣಿ ಮಾಡುವ ಕಡೆ ಕೆಲಸಕ್ಕಿದ್ದ ಸ್ನೇಹಿತ ಮುನಿಶಾಮಪ್ಪನಿಂದ ಕಲಿತು ಬಂದಿದ್ದ. ಅದಕ್ಕೆ ಫೈಬರ್ ಗ್ಲಾಸು ಎನ್ನುತ್ತಾರೆ. ಗಾಜನ್ನು ನೂಲಿನಂತೆ ಎಳೆದು ಮಾಡಿದ ಚಾಪೆ; ಅದರ ಮೇಲೆ ಹಚ್ಚುವುದಕ್ಕೆ ಕಾಕಂಬಿಯಂಥ ಒಂದು ಅಂಟು. ಜೇಡಿಮಣ್ಣಿನಲ್ಲಿ ಕಾರಿನ ಮೈಯ ಅಚ್ಚು ಮಾಡಿ, ಮೇಣ ಸವರಿ, ಚಾಪೆ ಹಾಸಿ ಅಂಟು ಕುಡಿಸಿದರೆ ಒಣಗಿ ಗಟ್ಟಿಯಾಗುತ್ತದೆ, ಚಿಪ್ಪು ಬಿಡಿಸಿದ ಹಾಗೆ ಬಿಡಿಸಿಕೊಳ್ಳಬಹುದು. ಅಂಟಿನ ಗಬ್ಬು ವಾಸನೆ ಮಾತ್ರ ಮೂಗು ಕೀಳುವಂಥದು. ಹುಳು ಮೇಯುವ ಕಾಲದಲ್ಲಿ ಮನೆಯಲ್ಲಿ ಒಗ್ಗರಣೆ ಕೂಡ ಹಾಕದ ಓಬಳಮ್ಮ ಮಗನನ್ನೂ ಅವನ ಡಬ್ಬಿಗಳನ್ನೂ ಹಿಪ್ಪುನೇರಳೆ ತೋಟದಾಚೆಯ ಪಂಪು ಮನೆಗೆ ಓಡಿಸಿದಳು.

ಮೈಯೇನೋ ಬಂತು. ದೂರದಿಂದ ನೋಡಿದರೆ ಚೆಂದವಾಗಿಯೇ ಇತ್ತು, ಹತ್ತಿರ ಹೋಗಿ ಕೈ ಇಟ್ಟರೆ ಮಾನ ಹೋಗುತ್ತಿತ್ತು. ಅಂಟು ದುಬಾರಿಯೆಂದು ಅವನು ತೆಳ್ಳಗೆ ಎಳೆದಿದ್ದ. ಬಾಗಿಲು ಹಾಕಿದರೆ ಆ ಪಕ್ಕವೆಲ್ಲ ಅದುರುತ್ತಿತ್ತು. ಎಂಜಿನ್ನು ಶುರುವಾದರೆ ಬಾನೆಟ್ಟು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಅಗಲವಾದ ಜಾಗದಲ್ಲೆಲ್ಲ ಬೆರಳಿಟ್ಟರೆ ಲೊಟಕ್, ತೆಗೆದರೆ ಲೊಟಕ್. ಇಂಥದರಲ್ಲಿ ಕೂತು ಹೋಗುವುದಕ್ಕಿಂತ ಮೊರದಲ್ಲಿ ಕೂತು ಕೆರೆ ದಾಟುವುದು ವಾಸಿ ಎಂದು ಓಬಳಮ್ಮ ಬಂದವರಿಗೆಲ್ಲ ಹೇಳಿದಳು.

ಇದೆಲ್ಲ ನಗುವಿನಲ್ಲೇ ಮುಗಿಯುತ್ತಿತ್ತೇನೋ. ಆದರೆ ಅಷ್ಟರಲ್ಲಿ ಸೊಸೆ ಶ್ಯಾಮಲಮ್ಮ ಚೊಚ್ಚಲ ಹೆರಿಗೆಗೆಂದು ಗೌರಿಬಿದನೂರಿನ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಹೆಣ್ಣು ಮಗು. ಐದನೇ ತಿಂಗಳಿಗೆ ಬರಬೇಕಿತ್ತು, ಏಳು ತುಂಬಿತು. ಅವಳ ಅಣ್ಣ ಕೋನಪ್ಪ ಕಡಲೆಕಾಯಿ ಎಣ್ಣೆ ಮಿಲ್ಲಿನ ಯಜಮಾನ, ಮನೆ ಮುಂದೆ ಕಾರು ನಿಲ್ಲಿಸಿಕೊಂಡವನು. ಅವನಿಂದ ಮಾತು ಬಂದಿತ್ತು: ಮಗು ಎತ್ತಿಕೊಂಡು ಬಸ್ಸಿನ ನೂಕಾಟದಲ್ಲಿ ತಂಗಿಯನ್ನು ಕಳಿಸುವುದಿಲ್ಲ, ಕಾರು ತಂದು ಕರೆದುಕೊಂಡು ಹೋಗಲಿ, ಇಲ್ಲದಿದ್ದರೆ ತನ್ನ ಕಾರಲ್ಲೇ ಕಳಿಸುತ್ತೇನೆ. ಅವರ ಕಾರಿನಲ್ಲಿ ಬಂದು ಇಳಿಯುವ ಸೊಸೆ ನಮಗೆ ಬೇಡ ಎಂದು ಓಬಳಮ್ಮ ಹೇಳಿ ಕಳಿಸಿದಳು. ಬಾಡಿಗೆ ಕಾರು ತರುವುದಕ್ಕೆ ರಾಮಾಂಜಿನಪ್ಪ ಒಪ್ಪಲಿಲ್ಲ. ತಾನೇ ಮಾಡಿದ ಕಾರಿನಲ್ಲಿ ಹೋಗಿ ಕೋನಪ್ಪನ ಬಾಗಿಲಲ್ಲಿ ಹಾರನ್ನು ಒತ್ತುತ್ತೇನೆ ಎಂದ. ಹೀಗೆ ಮೂರು ಜನರ ಜಂಬದ ನಡುವೆ ಒಂದು ಹಸುಗೂಸು ಗೌರಿಬಿದನೂರಿನಲ್ಲಿ ಬೋರಲು ಬೀಳುವುದನ್ನೂ ತೆವಳುವುದನ್ನೂ ಕಲಿಯಿತು.

ಓಬಳಮ್ಮ ಮಗುವನ್ನು ನೋಡಿದ್ದು ನಾಮಕರಣದ ದಿನ ಒಂದೇ ಸಲ. ಅವತ್ತಿನ ಆ ಪುಟ್ಟ ಮುಷ್ಟಿ ಅವಳ ಬೆರಳು ಹಿಡಿದುಕೊಂಡದ್ದು ಇನ್ನೂ ಬಿಟ್ಟಿರಲಿಲ್ಲ. ಹುಳುವಿಗೆ ಸೊಪ್ಪು ಹಾಕುವಾಗ ಒಬ್ಬಳೇ ಇದ್ದರೆ ಲಾಲಿ ಗುನುಗುತ್ತಿದ್ದಳು, ಯಾರಾದರೂ ಬಂದರೆ ಅದನ್ನೇ ಕೆಮ್ಮು ಮಾಡುತ್ತಿದ್ದಳು. ಮಗು ಬೇಕು ಎಂದು ಬಾಯಿಬಿಟ್ಟು ಹೇಳುವುದು ಮಾತ್ರ ಅವಳಿಂದ ಆಗದ ಕೆಲಸ. ನಾಮಕರಣದ ದಿನ ಹೊರಡುವಾಗ, ಬಾಣಂತಿಯನ್ನು ಯಾವಾಗ ಕರೆಸಿಕೊಳ್ಳುತ್ತೀರಿ ಎಂದು ಬೀಗರ ಮನೆಯಲ್ಲಿ ಕೇಳಿದ್ದರು. ಬಂದು ಏನು ಕಡಿದು ಕಟ್ಟೆ ಹಾಕಬೇಕಾಗಿದೆ, ನಿಧಾನವಾಗಿ ಬರಲಿ ಎಂದಿದ್ದಳು. ಚೆನ್ನಾಗಿ ಸುಧಾರಿಸಿಕೊಂಡು ಬರಲಿ ಎನ್ನುವುದನ್ನು ಅವಳ ಬಾಯಿ ಹೇಳುವ ರೀತಿ ಅದು. ಶ್ಯಾಮಲಮ್ಮ ಆಗ ತಲೆ ಬಗ್ಗಿಸಿಕೊಂಡು ಮಗುವಿನ ಕಾಲುಚೀಲ ಸರಿಮಾಡುತ್ತಿದ್ದಳು.

ಸೊಸೆಯ ವಿಷಯದಲ್ಲೂ ಓಬಳಮ್ಮನ ನಾಲಿಗೆ ರಜ ತೆಗೆದುಕೊಂಡಿರಲಿಲ್ಲ. ಅವಳು ಕಟ್ಟಿದ ಮುದ್ದೆಯನ್ನು ಗೋಡೆಗೆ ಎಸೆದರೆ ಗೋಡೆ ಬೀಳುತ್ತದೆ ಎಂದದ್ದುಂಟು. ಆಗಷ್ಟೇ ಬಂದಿದ್ದ ಪ್ಲಾಸ್ಟಿಕ್ ವಯರಿನಲ್ಲಿ ಅವಳು ಅತ್ತೆಗೆಂದೇ ಹೆಣೆದು ಕೊಟ್ಟ ಕೆಂಪು-ಬಿಳಿ ಬುಟ್ಟಿಯಲ್ಲಿ ಬೆರಣಿ ತುಂಬಿ ಅಟ್ಟಕ್ಕೆ ಹಾಕಿದ್ದುಂಟು. ಶ್ಯಾಮಲಮ್ಮ ಒಂದು ದಿನವೂ ಎದುರಾಡಿದವಳಲ್ಲ. ಎದುರಾಡದವಳಿಗೆ ನೋವೂ ಆಗುವುದಿಲ್ಲ ಎಂದು ಓಬಳಮ್ಮ ತಿಳಿದುಕೊಂಡಿದ್ದಳು.

ಈಗ ಎಲ್ಲವೂ ಬಂದು ನಿಂತದ್ದು ಕಾರಿನ ಮೈ ಗಟ್ಟಿ ಮಾಡುವುದರ ಮೇಲೆ. ರಾಮಾಂಜಿನಪ್ಪ ಮೊದಲು ಬಾನೆಟ್ಟಿಗೆ ಇನ್ನೆರಡು ಪದರ ಚಾಪೆ ಹಚ್ಚಿದ. ಅದು ಭಾರವಾಗಿ ನಡುವೆ ಜೋತುಬಿತ್ತು, ಲೊಟಕ್ಕೆನ್ನುವುದರ ಬದಲು ಲೊಟ್ಟಕ್ಕೆನ್ನಲು ಶುರುವಾಯಿತು, ಅಷ್ಟೇ. ಆಮೇಲೆ ತೇಗದ ಪಟ್ಟಿಗಳನ್ನು ಒಳಗಿನಿಂದ ಅಂಟಿಸಿದ. ಸೆಟೆದ ಮರ ಬಾಗಿದ ಮೈಗೆ ಹೊಂದದೆ ಹೊರಗಡೆ ಗೆರೆಗೆರೆಯಾಗಿ ಎದ್ದು, ಕಾರು ಬೇಸಿಗೆಯ ದನದ ಹಾಗೆ ಪಕ್ಕೆಲುಬು ತೋರಿಸಿಕೊಂಡು ನಿಂತಿತು. ಓಬಳಮ್ಮ ತೋಟದಿಂದ ಬರುವಾಗ ನೋಡಿ, ಒಂದು ಹಿಡಿ ಹುಲ್ಲಾದರೂ ಹಾಕೋ ಪಾಪ ಎಂದು ಹೋದಳು.

ಅವನು ಮತ್ತೆ ಮುನಿಶಾಮಪ್ಪನಲ್ಲಿಗೆ ಹೋಗಿ ಕೇಳಿಕೊಂಡು ಬಂದ. ಬಾಗುವಂಥ ತೆಳು ಬಿದಿರಿನ ದಬ್ಬೆ ಬೇಕು. ಮೈಯ ಬಾಗಿಗೆ ತಕ್ಕಂತೆ ಬಾಗಿಸಿ ಒಳಗಡೆ ಇಟ್ಟು, ಅದರ ಮೇಲೆ ಗಾಜಿನ ಚಾಪೆಯ ಪಟ್ಟಿ ಹೊದಿಸಿ, ಎರಡು ಪಕ್ಕಕ್ಕೂ ಇಳಿಯುವ ಹಾಗೆ ಅಂಟು ಕುಡಿಸಬೇಕು. ಆಗ ದಬ್ಬೆಯೂ ಹೊದಿಕೆಯೂ ಮೈಯೂ ಸೇರಿ ಒಂದು ಎಲುಬಿನ ಹಾಗೆ ನಿಲ್ಲುತ್ತದೆ. ದಬ್ಬೆ ಒಣಗಿರಬೇಕು, ಬೋಳಾಗಿರಬೇಕು, ಕೂತುಕೊಳ್ಳುವ ಜಾಗದಲ್ಲಿ ಧೂಳೂ ಇರಬಾರದು. ಇದ್ದರೆ ಅಂಟು ಧೂಳನ್ನು ಹಿಡಿಯುತ್ತದೆ, ಮೈಯನ್ನು ಹಿಡಿಯುವುದಿಲ್ಲ. ಚಂದ್ರಿಕೆ ಹೆಣೆಯುವವರ ಹತ್ತಿರ ರಾಮಾಂಜಿನಪ್ಪ ಒಳ್ಳೆಯ ಬಿದಿರು ಸೀಳಿಸಿ, ದಬ್ಬೆಯ ಕಟ್ಟನ್ನು ಮನೆಯ ಅಂಗಳದಲ್ಲಿ ಒಣಗಲು ಹಾಕಿ, ಅಂಟು ತರಲು ಬೆಂಗಳೂರಿನ ಬಸ್ಸು ಹತ್ತಿದ.

ಅಂಗಳದಲ್ಲಿ ಹೊಸ ಬಿದಿರು ಬಿದ್ದಿತ್ತು. ಮುಂದಿನ ಬೆಳೆಗೆ ತಟ್ಟೆಗಳನ್ನೆಲ್ಲ ಸಾರಿಸುವ ದಿನ ಅದು. ಓಬಳಮ್ಮ ತಟ್ಟೆಗಳ ಜೊತೆಗೆ ದಬ್ಬೆಗಳಿಗೂ ಒಂದೊಂದಾಗಿ, ಎರಡೂ ಮಗ್ಗುಲಿಗೆ, ತನ್ನ ಹೆಸರಾಂತ ತೆಳುಗೈಯಲ್ಲಿ ಸೆಗಣಿ ಬಳಿದು ಒಣಗಿಸಿದಳು. ಯಾವುದಕ್ಕೆ ತಂದದ್ದು ಎಂದು ಕೇಳಲಿಲ್ಲ. ಕೇಳುವುದೇನಿದೆ, ಬಿದಿರು ಬಿದಿರೇ. ಮಾರನೆಯ ದಿನ ಬಂದ ರಾಮಾಂಜಿನಪ್ಪನೂ ಏನೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವನು ನೋಡಿದ ಬಿದಿರೆಲ್ಲ ಆ ಬಣ್ಣದ್ದೇ. ಬೋಳು ಬಿದಿರು ಕಂಡಿದ್ದರೆ ಅವನಿಗೆ ಏನೋ ಕಡಿಮೆಯಾಗಿದೆ ಎನಿಸುತ್ತಿತ್ತು. ದಬ್ಬೆಯನ್ನು ಒಂದು ಸಲ ತೊಡೆಗೆ ಒರೆಸಿಕೊಂಡು, ಬಾಗಿಸಿ, ಇಟ್ಟು, ಹೊದಿಸಿ, ಅಂಟು ಕುಡಿಸಿದ.

ಒಣಗಿದ ಮೇಲೆ ಬಾನೆಟ್ಟಿಗೆ ಗುದ್ದಿದರೆ ಗುದ್ದಿದ ಕೈಗೇ ನೋವು. ಬಾಗಿಲುಗಳು ಮನೆ ಬಾಗಿಲಿನ ಹಾಗೆ ಧಡ್ ಎಂದು ಹಾಕಿಕೊಂಡವು. ಯಾರೂ ಇಲ್ಲದ ಹೊತ್ತಿನಲ್ಲಿ ಓಬಳಮ್ಮ ಪಂಪು ಮನೆಗೆ ಹೋಗಿ ಬಾನೆಟ್ಟಿಗೆ ಹೆಬ್ಬೆರಳು ಒತ್ತಿ ನೋಡಿದಳು. ಅದು ಜಗ್ಗಲಿಲ್ಲ. ಅವಳ ಎದೆಯಲ್ಲಿ ಸಂತೋಷ ಉಕ್ಕಿತು. ಇನ್ನು ಮಗು ಬರುತ್ತದೆ. ಮಗನ ಮುಂದೆ ಮಾತ್ರ, ಹಪ್ಪಳ ಹೋಗಿ ನಿಪ್ಪಟ್ಟಾಯಿತು, ಅದಕ್ಕೇನು ಆರತಿ ಎತ್ತಬೇಕಾ ಎಂದಳು.

ಒಳ್ಳೆಯ ದಿನ ನೋಡಿ ತಾಯಿ ಮಗ ಇಬ್ಬರೂ ಹೊರಟರು. ಸೊಸೆಯನ್ನು ಕರೆತರಲು ಅತ್ತೆ ಹೋಗುವುದು ಮರ್ಯಾದೆ. ಮಡಿಲಕ್ಕಿ, ಕೊಬ್ಬರಿ, ಮಗುವಿನ ಬೆಳ್ಳಿ ಕಡಗ ಇಡುವುದಕ್ಕೆ ಕಾರಿಗೆ ತಕ್ಕ ಚೀಲ ಬೇಕೆಂದು ಹುಡುಕಿ, ಕೊನೆಗೆ ಅಟ್ಟದ ವಯರ್ ಬುಟ್ಟಿಯನ್ನೇ ಇಳಿಸಿ, ಬೆರಣಿ ಸುರಿದು, ಸೀಗೆಪುಡಿ ಹಾಕಿ ತೊಳೆದಿದ್ದಳು. ಶಿಡ್ಲಘಟ್ಟ ದಾಟಿ ಚಿಕ್ಕಬಳ್ಳಾಪುರ ಬರುವವರೆಗೆ ಕಾರು ರಾಜನ ಹಾಗೆ ಬಂತು. ಅಲ್ಲಿ ತರಕಾರಿ ಮಂಡಿಯವರು ತಿರುಗಿ ನೋಡಿದಾಗ ಓಬಳಮ್ಮ ಸೆರಗು ಸರಿಮಾಡಿಕೊಂಡು ಕತ್ತು ನೇರ ಮಾಡಿ ಕೂತಳು.

ಗೌರಿಬಿದನೂರಿನ ರಸ್ತೆ ಹಿಡಿದ ಮೇಲೆ ಕಲ್ಲು ಕೆದರಿದ ದಾರಿ, ಏರು, ಮೇಲೆ ಬಿಸಿಲು, ಕೆಳಗೆ ಎಂಜಿನ್ನಿನ ಕಾವು. ಮೊದಲು ಬಾನೆಟ್ಟಿನೊಳಗೆ ಟಕ ಟಕ ಎಂದಿತು, ಆಮೇಲೆ ಬಾಗಿಲಿನಲ್ಲಿ. ಮಂಚೇನಹಳ್ಳಿಯ ಹತ್ತಿರ ಬಾನೆಟ್ಟು ಮತ್ತೆ ನಡುಗಲು ಶುರುವಾಯಿತು. ಮೊರ ಕುಲುಕಿತು ನೋಡು ಎಂದಳು ಓಬಳಮ್ಮ. ರಾಮಾಂಜಿನಪ್ಪ ಕಾರು ನಿಲ್ಲಿಸಿ, ಬಾನೆಟ್ಟು ಎತ್ತಿ, ಹಾಗೇ ನಿಂತುಬಿಟ್ಟ. ಏನಾಯಿತೆಂದು ಅವಳೂ ಇಳಿದು ಹೋಗಿ ಬಗ್ಗಿದಳು. ದಬ್ಬೆಗಳು ಹೊದಿಕೆಯಿಂದ ಕಳಚಿ ಜೋತಾಡುತ್ತಿದ್ದವು. ಅವು ಬಿಟ್ಟುಬಂದ ಗೂಡಿನೊಳಗೆ ಉದ್ದಕ್ಕೂ ತೆಳ್ಳಗೆ, ಒಂದೇ ಸಮನಾಗಿ, ಬೆರಳಿನ ಗೆರೆ ಸಮೇತ ಸೆಗಣಿ ಅಂಟಿಕೊಂಡಿತ್ತು. ಅಂಟು ತನ್ನ ಕೆಲಸ ಮಾಡಿತ್ತು. ಸೆಗಣಿಯನ್ನು ಗಟ್ಟಿಯಾಗಿ ಹಿಡಿದಿತ್ತು, ಬಿದಿರನ್ನು ಬಿಟ್ಟಿತ್ತು. ಆ ಬೆರಳಿನ ಗೆರೆ ಯಾರದೆಂದು ಇಬ್ಬರಿಗೂ ಗೊತ್ತು.

ಅವನು ಏನಾದರೂ ಅಂದಿದ್ದರೆ ಓಬಳಮ್ಮನ ಹತ್ತಿರ ಉತ್ತರಗಳಿಗೆ ಬರವಿರಲಿಲ್ಲ. ಅಂಗಳದಲ್ಲಿ ಯಾಕೆ ಹಾಕಿದೆ, ಹೇಳಬಾರದಿತ್ತಾ, ಕಣ್ಣು ಎಲ್ಲಿತ್ತು, ಎಲ್ಲ ತಯಾರಾಗಿ ನಾಲಿಗೆಯ ತುದಿಯಲ್ಲಿ ನಿಂತಿದ್ದವು. ಅವನು ಅನ್ನಲಿಲ್ಲ. ಹಗ್ಗದ ತುಂಡುಗಳಿಂದ ದಬ್ಬೆಗಳನ್ನು ಆದಷ್ಟು ಬಿಗಿದು, ಬಾನೆಟ್ಟು ಮುಚ್ಚಿ, ಕೂತ್ಕೋಮ್ಮ ಎಂದ. ಗೌರಿಬಿದನೂರಿನವರೆಗೂ ತನ್ನ ಮಾತಿಗೆ ಎದುರಾಳಿ ಇಲ್ಲದ ಆ ದಾರಿ ಅವಳಿಗೆ ತುಂಬ ಉದ್ದವಾಯಿತು.

ಕೋನಪ್ಪ ಮನೆ ಮುಂದೆ ಮಿಲ್ಲಿನ ನಾಲ್ಕು ಜನರನ್ನು ನಿಲ್ಲಿಸಿಕೊಂಡೇ ಕಾಯುತ್ತಿದ್ದ. ರಾಮಾಂಜಿನಪ್ಪ ಹಾರನ್ನು ಒತ್ತಿದ. ಅದು ಕೂಗಿದ್ದಕ್ಕಿಂತ ಹೆಚ್ಚಾಗಿ ಮೈ ಅದುರಿತು. ಕೋನಪ್ಪ ಕಾರನ್ನು ಒಂದು ಸುತ್ತು ಹಾಕಿ ಬಂದು, ಬಾನೆಟ್ಟಿನ ನಟ್ಟನಡುವೆ ಹೆಬ್ಬೆರಳು ಒತ್ತಿದ. ಲೊಟಕ್. ತೆಗೆದ. ಲೊಟಕ್.

"ಭಾವಾ, ಹಪ್ಪಳದ ಕಾರು ಅಂತ ಕೇಳಿದ್ದೆ, ಇದೇನಾ? ಕರಿಯೋದು ಮರೆತುಬಿಟ್ರಾ?"

ಮಿಲ್ಲಿನವರು ನಕ್ಕರು. ಆ ಹೆಸರು ಓಬಳಮ್ಮನದು. ಕಾರು ಬರುವುದಕ್ಕೆ ಮೊದಲೇ ಅದು ಶಿಡ್ಲಘಟ್ಟದಿಂದ ಗೌರಿಬಿದನೂರಿಗೆ ಬಂದು ಈ ಬಾಯಲ್ಲಿ ಕೂತಿತ್ತು. ತನ್ನ ಮಗನನ್ನು ತಾನು ಅಂದದ್ದು ಬೇರೆ, ಇವನು ಅನ್ನುವುದು ಬೇರೆ ಎಂದುಕೊಂಡಳು. ಕಿವಿಗೆ ಮಾತ್ರ ಎರಡೂ ಒಂದೇ ಆಗಿ ಕೇಳಿತು. ರಾಮಾಂಜಿನಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ನಗುವ ಮುಖ ಮಾಡಿ ಕೂತಿದ್ದ. ಈಗಲೂ ಅವನು ಹೇಳಲಿಲ್ಲ. ನಮ್ಮಮ್ಮ ಸೆಗಣಿ ಬಳಿದಳು ಎಂಬ ಒಂದು ಮಾತು ಸಾಕಿತ್ತು, ನಗು ಅವನನ್ನು ಬಿಟ್ಟು ಅವಳ ಕಡೆ ತಿರುಗುತ್ತಿತ್ತು.

ಕೋನಪ್ಪ ಇನ್ನೊಂದು ಸಲ ಬೆರಳು ಒತ್ತಿದ. ಓಬಳಮ್ಮ ಬುಟ್ಟಿ ಹಿಡಿದುಕೊಂಡು ಕೆಳಗಿಳಿದಳು.

"ಬೆರಳು ತೆಗಿಯಪ್ಪ ಕೋನಪ್ಪ. ಅದು ಅವನ ಕೆಲಸ ಅಲ್ಲ, ನನ್ನದು. ಅವನು ಸರಿಯಾಗೇ ಮಾಡಿದ್ದ. ಒಳಗಿನ ದಬ್ಬೆಗೆ ಕೇಳದೆ ಸೆಗಣಿ ಬಳಿದೋಳು ನಾನು, ಅದಕ್ಕೇ ಅಂಟು ಬಿಟ್ಕೊಂತು. ತಪ್ಪು ನಂದು ಕಣಪ್ಪ. ನಗೋದಿದ್ರೆ ನನ್ನ ನೋಡಿ ನಗು."

ಯಾರೂ ನಗಲಿಲ್ಲ. ರಾಮಾಂಜಿನಪ್ಪ ಯಾರೋ ಗುರುತಿಲ್ಲದ ಹೆಂಗಸನ್ನು ನೋಡುವ ಹಾಗೆ ತಾಯಿಯನ್ನು ನೋಡಿದ. ಕೋನಪ್ಪ ಬೆರಳನ್ನು ಪಂಚೆಗೆ ಒರೆಸಿಕೊಂಡು, ಒಳಗೆ ಬನ್ನಿ, ಕಾಫಿ ಆಗಲಿ ಎಂದ. ತಪ್ಪು ನಂದು ಎನ್ನುವುದು ಮೂವತ್ತು ವರ್ಷ ಸಂಸಾರ ಮಾಡಿದ ಓಬಳಮ್ಮ ಮೊದಲ ಸಲ ಆಡಿದ ಮಾತು. ಆಡಿದ ಮೇಲೆ ಬಾಯೊಳಗೆಲ್ಲ ಬೇವು ತಿಂದ ಹಾಗಿತ್ತು.

ಬಾಗಿಲಲ್ಲಿ ಶ್ಯಾಮಲಮ್ಮ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ಕಾರಿನ ಕಡೆ ನೋಡಲೇ ಇಲ್ಲ. ಅವಳ ಕಣ್ಣು ಅತ್ತೆಯ ಕೈಯಲ್ಲಿದ್ದ ಕೆಂಪು-ಬಿಳಿ ಬುಟ್ಟಿಯ ಮೇಲಿತ್ತು.

"ಕಾರು ಬೇಕು ಅಂದಿದ್ದು ನಮ್ಮಣ್ಣ, ಅತ್ತೆ. ನಾನಲ್ಲ," ಎಂದಳು. ಧ್ವನಿ ಸಣ್ಣದಾಗಿತ್ತು, ನಡುಗಲಿಲ್ಲ. "ಬಂದು ಏನು ಕಡಿದು ಕಟ್ಟೆ ಹಾಕಬೇಕು ಅಂದ್ರಲ್ಲ ನೀವು ಅವತ್ತು. ಅದಕ್ಕೇ ಬರಲಿಲ್ಲ. ಬಾ ಅಂತ ಒಂದು ಮಾತು ಬಂದಿದ್ರೆ, ಮಗು ಕಟ್ಕೊಂಡು ನಿಂತ್ಕೊಂಡೇ ಬಸ್ಸಲ್ಲಿ ಬರ್ತಿದ್ದೆ."

ಏಳು ತಿಂಗಳು. ಬಿದಿರು, ಅಂಟು, ತೇಗದ ಪಟ್ಟಿ, ಬೆಂಗಳೂರಿನ ಓಡಾಟ, ಎಲ್ಲ ಒಂದು ಮಾತಿನ ಬದಲಿಗೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರು ಎನ್ನುತ್ತಾರಲ್ಲ, ಆ ಗಾದೆಯನ್ನು ಓಬಳಮ್ಮ ಬೇರೆಯವರ ಮೇಲೆ ಎಷ್ಟು ಸಲ ಎಸೆದಿದ್ದಳೋ, ಅದು ಈಗ ತಿರುಗಿ ಬಂದು ಅವಳಿಗೇ ಬಡಿಯಿತು. ಸೊಸೆಯ ಸೊಂಟದ ಮೇಲಿನ ಮಗು ಅವಳನ್ನು ಅಪರಿಚಿತಳನ್ನು ನೋಡುವ ಹಾಗೆ ದಿಟ್ಟಿಸುತ್ತಿತ್ತು. ಅದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ನೋಯಿತು.

ಅವಳು ಬಾಯಿ ತೆರೆದಳು. ಹಳೆಯ ಮಾತುಗಳು ತಾವು ಮೊದಲು ತಾವು ಮೊದಲು ಎಂದು ನುಗ್ಗಿ ಬಂದವು. ಒಂದೊಂದನ್ನೂ ಹಿಂದಕ್ಕೆ ತಳ್ಳಿ ಕೊನೆಗೆ ಬೋಳಾಗಿ ಉಳಿದದ್ದನ್ನು ಹೇಳಿದಳು.

"ಬಾರಮ್ಮ. ನೀನಿಲ್ದೆ ಮನೆ ಬಿಕೋ ಅಂತದೆ."

ಶ್ಯಾಮಲಮ್ಮ ಮೆಟ್ಟಿಲಿಳಿದು ಬಂದು ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಅವಳ ಕೈಯಿಂದ ಬುಟ್ಟಿ ಇಸಿದುಕೊಂಡಳು. ಮಗು ಕಿಟಾರನೆ ಕಿರುಚಿತು. ಓಬಳಮ್ಮ ಬಿಡಲಿಲ್ಲ.

ಮಡಿಲು ತುಂಬಿಸಿಕೊಂಡು, ಊಟ ಮಾಡಿ, ಮಧ್ಯಾಹ್ನ ಹೊರಟರು. ಕೋನಪ್ಪ ತನ್ನ ಕಾರು ಹಿಂದೆ ಕಳಿಸಲೇ ಎಂದ, ಶ್ಯಾಮಲಮ್ಮ ಬೇಡ ಅಣ್ಣ ಎಂದಳು. ಹಪ್ಪಳದ ಕಾರಿನ ಹಿಂದಿನ ಸೀಟಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು, ಮಗು ಸೊಸೆಯ ತೊಡೆಯ ಮೇಲೆ. ದಬ್ಬೆ ಕಳಚಿದ ಬಾಗಿಲು ದಾರಿಯುದ್ದಕ್ಕೂ ಬಡಬಡ ಬಡಿದುಕೊಳ್ಳುತ್ತಿತ್ತು. ಸದ್ದಿಗೆ ಮಗು ಬೆಚ್ಚುತ್ತದೆಂದು ಓಬಳಮ್ಮ ಬಾಗಿಲಿಗೆ ಅಂಗೈ ಒತ್ತಿ ಹಿಡಿದು ಕೂತಳು. ಒತ್ತಿದಾಗ ಅದು ಸುಮ್ಮನಿರುತ್ತಿತ್ತು.

ಮಂಚೇನಹಳ್ಳಿ ಹತ್ತಿರ ಬಂತು. ಮಗುವಿನ ಕುಲಾವಿಯ ದಾರವನ್ನು ಶ್ಯಾಮಲಮ್ಮ ಗಲ್ಲದ ಕೆಳಗೆ ಕಟ್ಟುವ ಬದಲು ಕಿವಿಯ ಹತ್ತಿರ ಸೊಟ್ಟಗೆ ಕಟ್ಟಿದ್ದಳು. ಓಬಳಮ್ಮನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕಿಟಕಿಯಾಚೆ ನೋಡಿದಳು, ಮತ್ತೆ ಕುಲಾವಿ ನೋಡಿದಳು. ಬಾಯಿ ತೆರೆದಳು. ಮುಚ್ಚಿದಳು.

"ಹೇಳಿಬಿಡಿ ಅತ್ತೆ," ಎಂದಳು ಶ್ಯಾಮಲಮ್ಮ, ಮುಖ ತಿರುಗಿಸದೆ. "ತಡ್ಕೊಂಡ್ರೆ ಹೊಟ್ಟೆನೋವು ಬರುತ್ತೆ."

ಮುಂದೆ ಸ್ಟಿಯರಿಂಗು ಹಿಡಿದಿದ್ದ ರಾಮಾಂಜಿನಪ್ಪನ ಹೆಗಲು ಕುಲುಕಿತು. ಓಬಳಮ್ಮ ಏನಿಲ್ಲ ಕಣಮ್ಮ ಎಂದು, ಒಂದು ಕೈಯಿಂದ ಬಾಗಿಲನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡಳು.